28 ಡಿಗ್ರಿ ನೀರಲ್ಲೂ ನಡುಗಿದ ಮೇಲೆ

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಮುಳುಗುವ ಸ್ಕೂಬಾ ಡೈವಿಂಗ್ ನನ್ನ ಹವ್ಯಾಸ. ಪ್ರತಿ ಸಲ ಮುಳುಗಿದ್ದರ ವಿವರ ಬರೆದಿಡುವ ನನ್ನ ಡೈವ್ ಲಾಗ್‌ಬುಕ್‌ನಲ್ಲಿ ಅಚ್ಚಾಗಿ ಬಂದ ಕಾಲಂಗಳ ಪಕ್ಕದಲ್ಲಿ ನಾನೇ ಪೆನ್ನಿನಿಂದ ಗೀಟು ಎಳೆದುಕೊಂಡ ಒಂದು ಕಾಲಂ ಇದೆ. ಅದರ ತಲೆಬರಹ ‘ನಡುಕ’. ನೀರಿಗಿಳಿದ ಎಷ್ಟನೇ ನಿಮಿಷಕ್ಕೆ ಚಳಿ ಶುರುವಾಯಿತು ಅಂತ ಅಲ್ಲಿ ಬರೆಯುತ್ತೇನೆ. ಚಳಿ ಆಗದಿದ್ದರೆ ಒಂದು ಅಡ್ಡಗೆರೆ. ಜೊತೆಗೆ ಬಂದವರು ಮೊದಲ ಸಲ ಅದನ್ನು ನೋಡಿದಾಗ ನಗುತ್ತಾರೆ. ನಗಲಿ. ಬೆಚ್ಚಗಿನ ಸಮುದ್ರಕ್ಕೆ ಟ್ರಿಪ್ ಹೊರಡುವ ಮುಂಚೆ ಈಗ ನಾನು ಮೊದಲು ತೆಗೆದು ನೋಡುವುದು ಆ ಕಾಲಂ ಅನ್ನೇ.

ಅದು ಹುಟ್ಟಿದ್ದು ಕೆಂಪು ಸಮುದ್ರದಲ್ಲಿ. ಈಜಿಪ್ಟಿನ ಹುರ್ಘಾಡಾ, ಫೆಬ್ರವರಿ ತಿಂಗಳು. ಪಕ್ಕದಲ್ಲೇ ಮರುಭೂಮಿ, ನೋಡಿದ ಫೋಟೋಗಳಲ್ಲೆಲ್ಲ ಕಣ್ಣು ಕುಕ್ಕುವ ಬಿಸಿಲು. ಎಲ್ಲೋ ‘ವರ್ಷದ ಸರಾಸರಿ 25 ಡಿಗ್ರಿ’ ಅಂತ ಬೇರೆ ಓದಿದ್ದೆ. ಸಾಕಲ್ವಾ ಅಂತ ಮೊಣಕಾಲಿನವರೆಗೆ ಮಾತ್ರ ಬರುವ 3 ಮಿಲಿಮೀಟರ್ ದಪ್ಪದ, ನೀರಲ್ಲಿ ಮೈ ಬೆಚ್ಚಗಿಡುವ ರಬ್ಬರಿನ ಶಾರ್ಟಿ ವೆಟ್‌ಸೂಟ್ ತೆಗೆದುಕೊಂಡು ಹೋದೆ. ಮೊದಲ ಡೈವ್‌ನಲ್ಲಿ ಆಳ, ಸಮಯ, ನೀರಿನ ಬಿಸಿ ತೋರಿಸುವ, ಕೈಗೆ ಕಟ್ಟಿದ ಡೈವ್ ಕಂಪ್ಯೂಟರ್ 22 ಡಿಗ್ರಿ ತೋರಿಸಿತು. ಹತ್ತು ನಿಮಿಷ ಏನೂ ಅನ್ನಿಸಲಿಲ್ಲ. 24ನೇ ನಿಮಿಷಕ್ಕೆ ದವಡೆ ಅದುರಲು ಶುರುವಾಯಿತು. ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರಿನ ರಬ್ಬರ್ ತುದಿಯನ್ನು ಹಲ್ಲಿನಿಂದ ಕಚ್ಚಿ ಹಿಡಿಯಬೇಕು, ಹಲ್ಲು ನನ್ನ ಮಾತು ಕೇಳುತ್ತಿಲ್ಲ. ಗೈಡ್ ಬಂಡೆಯ ಸಂದಿಯಲ್ಲಿ ಏನನ್ನೋ ತೋರಿಸಿದ. ನಾನು ನೋಡಿದೆ. ಅದು ಏನಾಗಿತ್ತು ಅಂತ ಇವತ್ತಿಗೂ ನೆನಪಿಲ್ಲ. ಚಳಿಯಲ್ಲಿರುವವರು ಮೀನು ನೋಡುವುದಿಲ್ಲ, ಗಡಿಯಾರ ನೋಡುತ್ತಾರೆ.

ತಪ್ಪು ಸಮುದ್ರದ್ದಲ್ಲ, ನನ್ನದು. ಕೆಂಪು ಸಮುದ್ರದ ಉತ್ತರ ಭಾಗದಲ್ಲಿ ಬೇಸಿಗೆಯ ಕೊನೆಗೆ ನೀರು 28ರಿಂದ 30 ಡಿಗ್ರಿ ಮುಟ್ಟುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ 21-22ಕ್ಕೆ ಇಳಿಯುತ್ತದೆ. ಎರಡನ್ನೂ ಕೂಡಿಸಿ ಭಾಗಿಸಿದರೆ 25 ಬರುತ್ತದೆ, ನಿಜ. ಆದರೆ ಸರಾಸರಿಯಲ್ಲಿ ಯಾರೂ ಮುಳುಗುವುದಿಲ್ಲ. ನಾನು ಮುಳುಗಿದ್ದು ಫೆಬ್ರವರಿಯಲ್ಲಿ.

ಅಲ್ಲಿಂದ ಬಂದ ಮೇಲೆ ಸ್ವಲ್ಪ ಓದಿಕೊಂಡೆ. ಗಾಳಿಗಿಂತ ನೀರು ಶಾಖವನ್ನು ಸುಮಾರು 25 ಪಟ್ಟು ಬೇಗ ಸಾಗಿಸುತ್ತದೆ. ನಮ್ಮ ಚರ್ಮದ ಬಿಸಿ ಸುಮಾರು 33 ಡಿಗ್ರಿ. 28 ಡಿಗ್ರಿ ಗಾಳಿಯಲ್ಲಿ ಫ್ಯಾನ್ ಹಾಕಿಕೊಂಡು ಕೂರುವ ನಾವೇ 28 ಡಿಗ್ರಿ ನೀರಿಗಿಳಿದರೆ ಮೈಯಿಂದ ಶಾಖ ಸೋರುತ್ತಲೇ ಇರುತ್ತದೆ. ಏನೂ ತೊಡದೆ, ಕೈಕಾಲು ಆಡಿಸದೆ, ಸೋರಿಕೆಯೇ ಇಲ್ಲದೆ ನೀರಿನಲ್ಲಿ ಇರಬೇಕು ಅಂದರೆ ಆ ನೀರು 33ರಿಂದ 35 ಡಿಗ್ರಿ ಇರಬೇಕು. ಅಷ್ಟು ಬಿಸಿ ನೀರಿನಲ್ಲಿ ಬಹುತೇಕ ಹವಳಗಳು ಉಳಿಯುವುದಿಲ್ಲ. ಅವಕ್ಕೆ ಹಿತವಾದದ್ದು ಸುಮಾರು 23ರಿಂದ 29. ಅಂದರೆ ನಾವು ನೋಡಲು ಹೋಗುವ ಹವಳದ ದಿಬ್ಬಗಳ ಸುತ್ತ ಇರುವುದೆಲ್ಲ ನಮ್ಮ ಮೈ ಲೆಕ್ಕದಲ್ಲಿ ತಣ್ಣೀರೇ. ಬೆಚ್ಚಗಿನ ನೀರು ಅನ್ನುವುದು ಅರ್ಧ ಗಂಟೆಯ ಮಾತು. ಚಳಿ ಆಗುತ್ತದೋ ಇಲ್ಲವೋ ಅನ್ನುವ ಪ್ರಶ್ನೆಯೇ ಇಲ್ಲ, ಯಾವಾಗ ಆಗುತ್ತದೆ ಅನ್ನುವುದಷ್ಟೇ. ಇದು ತಲೆಗೆ ಹೋದ ದಿನವೇ ಆ ಗೀಟು ಎಳೆದದ್ದು.

ಈಗ ಟ್ರಿಪ್ ಯೋಚನೆ ಬಂದರೆ ಊರಿಗಿಂತ ಮೊದಲು ತಿಂಗಳು ನೋಡುತ್ತೇನೆ. ಸಮುದ್ರ ಸೋಮಾರಿ. ಕಾಯಲೂ ಹೊತ್ತು ಬೇಕು, ಆರಲೂ ಹೊತ್ತು ಬೇಕು. ಭೂಮಿಯ ಉತ್ತರಾರ್ಧದಲ್ಲಿ ಹಗಲು ಅತಿ ಉದ್ದ ಇರುವುದು ಜೂನ್‌ನಲ್ಲಿ, ಆದರೆ ಹೆಚ್ಚಿನ ಕಡೆ ಸಮುದ್ರ ಅತಿ ಬೆಚ್ಚಗಾಗುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಅತಿ ತಣ್ಣಗಿರುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಹಾಗಾಗಿ ಏಪ್ರಿಲ್‌ನಲ್ಲಿ ದಡದ ಮೇಲೆ ಬೆವರು ಸುರಿಯುತ್ತಿದ್ದರೂ ನೀರು ಇನ್ನೂ ಚಳಿಗಾಲದ ನೆನಪಿನಲ್ಲೇ ಇರುತ್ತದೆ. ನವೆಂಬರ್‌ನಲ್ಲಿ ಇದರ ಉಲ್ಟಾ. ದಡದಲ್ಲಿ ಶಾಲು ಬೇಕು, ನೀರು ಇನ್ನೂ ಬೆಚ್ಚಗೆ. ದಕ್ಷಿಣಾರ್ಧದಲ್ಲಿ ಇದನ್ನೆಲ್ಲ ಆರು ತಿಂಗಳು ಮುಂದಕ್ಕೆ ತಳ್ಳಬೇಕು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಫೆಬ್ರವರಿಯ ನೀರು 29ರ ಹತ್ತಿರ, ಆಗಸ್ಟ್‌ನದು 23ರ ಹತ್ತಿರ. ಮಾಲ್ಡೀವ್ಸ್‌ನಂತೆ ಭೂಮಧ್ಯರೇಖೆಗೆ ಅಂಟಿಕೊಂಡ ಜಾಗಗಳಲ್ಲಿ ಮಾತ್ರ ಈ ತಲೆನೋವು ಕಡಿಮೆ. ವರ್ಷಪೂರ್ತಿ 27ರಿಂದ 30ರ ಒಳಗೆ.

‘ಭೂಮಧ್ಯರೇಖೆ ಹತ್ತಿರ ಅಂದರೆ ಬೆಚ್ಚಗೆ’ ಅನ್ನುವ ನಿಯಮವನ್ನೂ ಪೂರ್ತಿ ನಂಬಬೇಡಿ. ಗಲಾಪಗೋಸ್ ದ್ವೀಪಗಳು ಭೂಮಧ್ಯರೇಖೆಯ ಮೇಲೆಯೇ ಇವೆ. ಅಲ್ಲಿ ಪೆಂಗ್ವಿನ್‌ಗಳಿವೆ! ದಕ್ಷಿಣದಿಂದ ಹಂಬೋಲ್ಟ್ ಅನ್ನುವ ಸಮುದ್ರದೊಳಗಿನ ಪ್ರವಾಹ ತಣ್ಣೀರು ತರುತ್ತದೆ. ಪಶ್ಚಿಮದಿಂದ ಕ್ರಾಮ್‌ವೆಲ್ ಪ್ರವಾಹ ಆಳದಲ್ಲಿ ಹರಿದು ಬಂದು ದ್ವೀಪಗಳಿಗೆ ಬಡಿದು ಮೇಲೇಳುತ್ತದೆ. ಜೂನ್‌ನಿಂದ ನವೆಂಬರ್‌ವರೆಗೆ ಪಶ್ಚಿಮದ ಕಡೆ ನೀರು 20ಕ್ಕಿಂತ ಕೆಳಗೆ ಇಳಿಯುತ್ತದೆ. ಮ್ಯಾಪಿನಲ್ಲಿ ಅಕ್ಷಾಂಶ ನೋಡಿ ಬಟ್ಟೆ ತುಂಬಿಕೊಂಡರೆ ಅಲ್ಲಿ ಸಿಕ್ಕಿಬೀಳುತ್ತೀರಿ.

ನಾನು ಸಿಕ್ಕಿಬಿದ್ದದ್ದು ಬೇರೆ ಕಡೆ. ಬಾಲಿಯ ಪಕ್ಕದ ನೂಸಾ ಪೆನಿಡಾ ದ್ವೀಪ, ಆಗಸ್ಟ್. ಮೋಲಾ ಮೋಲಾ ಅನ್ನುವ ಆ ಚಪ್ಪಟೆ ದೈತ್ಯ ಮೀನು ನೋಡುವ ಆಸೆ. ಈ ಸಲ ನಾನು ಹುಷಾರಾಗಿದ್ದೆ. ಉಪಗ್ರಹದ ನಕ್ಷೆ ತೆಗೆದು ತಿಂಗಳ ಲೆಕ್ಕ ನೋಡಿದ್ದೆ. 26-27 ಅಂತಿತ್ತು. 3 ಮಿ.ಮೀ.ನ ಪೂರ್ತಿ ಸೂಟ್ ಸಾಕು ಅಂದುಕೊಂಡೆ. ದೋಣಿಯಿಂದ ಇಳಿದಾಗ ನೀರು ನಿಜಕ್ಕೂ 26. ದಿಬ್ಬದ ಇಳಿಜಾರಿನ ಪಕ್ಕದಲ್ಲಿ ಕೆಳಗೆ ಹೋಗುತ್ತಾ ಇದ್ದೆವು. ಸುಮಾರು 18 ಮೀಟರಿನಲ್ಲಿ ಕಾಲ ಕೆಳಗೆ ಏನೋ ವಿಚಿತ್ರ ಕಾಣಿಸಿತು. ಬಿಸಿಲಲ್ಲಿ ಟಾರು ರಸ್ತೆಯ ಮೇಲೆ ಗಾಳಿ ಕುಣಿಯುತ್ತದಲ್ಲ, ಹಾಗೆ ನೀರು ಕುಣಿಯುತ್ತಿತ್ತು. ಅದರೊಳಗಿನ ಹವಳವೆಲ್ಲ ಕಲಸಿದಂತೆ ಮಸುಕು. ಮಾಸ್ಕ್ ಮಂಜಾಯಿತೇನೋ ಅಂತ ಒರೆಸಿಕೊಳ್ಳಲು ಕೈ ಎತ್ತಿದೆ. ಅಷ್ಟರಲ್ಲಿ ಪಾದಕ್ಕೆ ಹಾಕಿದ ಈಜುರೆಕ್ಕೆ, ಅಂದರೆ ಫಿನ್ಸ್, ಆ ಪದರದೊಳಗೆ ಹೋಯಿತು. ಪಾದಕ್ಕೆ, ಆಮೇಲೆ ಮೊಣಕಾಲಿಗೆ, ಆಮೇಲೆ ಸೊಂಟಕ್ಕೆ ಯಾರೋ ಐಸ್ ನೀರು ಸುರಿದ ಹಾಗೆ. ಸೊಂಟದ ಮೇಲೆ 26, ಸೊಂಟದ ಕೆಳಗೆ ಬೇರೆಯೇ ಸಮುದ್ರ. ಮುಖ ಒಳಗೆ ಹೋದ ಕೂಡಲೇ ಉಸಿರು ಸಿಕ್ಕಿಕೊಂಡಿತು. ಎರಡು ಮೂರು ಸಲ ಏದುಸಿರು ಬಿಟ್ಟ ಮೇಲೆ ತಹಬಂದಿಗೆ ಬಂತು. ಕಂಪ್ಯೂಟರ್ ಇನ್ನೂ 25 ತೋರಿಸುತ್ತಿತ್ತು. ನಾಲ್ಕೈದು ನಿಮಿಷ ಬಿಟ್ಟು ನೋಡಿದರೆ 19.

ಆ ಪದರಕ್ಕೆ ಥರ್ಮೋಕ್ಲೈನ್ ಅನ್ನುತ್ತಾರೆ. ಮೇಲಿನ ಬಿಸಿ ನೀರು ಹಗುರ, ಕೆಳಗಿನ ತಣ್ಣೀರು ಭಾರ. ಎರಡೂ ಸುಲಭಕ್ಕೆ ಬೆರೆಯುವುದಿಲ್ಲ. ಬೆರೆಯುವ ಗಡಿಯಲ್ಲಿ ಬೆಳಕು ಬಾಗುತ್ತದೆ, ಅದಕ್ಕೇ ಆ ಕುಣಿತ. ಜುಲೈನಿಂದ ಅಕ್ಟೋಬರ್‌ವರೆಗೆ ಆಗ್ನೇಯ ದಿಕ್ಕಿನ ಗಾಳಿ ಅಲ್ಲಿನ ಮೇಲ್ಮೈ ನೀರನ್ನು ಆಚೆ ತಳ್ಳುತ್ತದೆ, ಖಾಲಿಯಾದ ಜಾಗಕ್ಕೆ ಆಳದ ತಣ್ಣೀರು ಏರಿ ಬರುತ್ತದೆ. ಮೋಲಾ ಮೇಲೆ ಬರುವುದೂ ಅದರ ಜೊತೆಗೇ. ಅಂದರೆ ನಾನು ನೋಡಲು ಹೋದ ಮೀನನ್ನು ತರುವುದೇ ನಾನು ತಯಾರಾಗದ ಚಳಿ. ಗೈಡ್‌ಗೆ ಇದು ಗೊತ್ತಿರಲಿಲ್ಲ ಅಂತಲ್ಲ. ನಾನು ಕೇಳಿದ್ದು “ನೀರು ಎಷ್ಟು ಡಿಗ್ರಿ?” ಅಂತ. ಅವನು ಹೇಳಿದ್ದು ಮೇಲಿನ ನೀರಿನ ಲೆಕ್ಕ. ಪ್ರಶ್ನೆಯೇ ಸರಿ ಇರಲಿಲ್ಲ. (ಮೋಲಾ ಸಿಕ್ಕಿತಾ ಅಂದರೆ, ಸಿಕ್ಕಿತು. ಹಿಂದಿನ ಗುಂಪಿಗೆ.)

ಉಪಗ್ರಹದ ನಕ್ಷೆಯೂ ಸುಳ್ಳು ಹೇಳಿರಲಿಲ್ಲ. ಅದು ನೋಡುವುದೇ ನೀರಿನ ಚರ್ಮವನ್ನು. ಇನ್‌ಫ್ರಾರೆಡ್ ಕಿರಣದಿಂದ ಅಳೆದರೆ ಸಿಗುವುದು ಮಿಲಿಮೀಟರಿನಲ್ಲಿ ನೂರನೇ ಒಂದೆರಡು ಭಾಗದಷ್ಟು ತೆಳುವಾದ ಪದರದ ಬಿಸಿ. ಸ್ನಾರ್ಕ್‌ಲಿಂಗ್ ಮಾಡುವವರಿಗೆ ಆ ಅಂಕಿ ಹೆಚ್ಚು ಕಡಿಮೆ ಸಾಕು. ಬಾಯಲ್ಲಿ ಉಸಿರುಕೊಳವೆ ಇಟ್ಟುಕೊಂಡು ಮೇಲ್ಮೈಯಲ್ಲೇ ತೇಲುವ ಅವರು ಇರುವುದೇ ಅಲ್ಲಿ. ಡೈವರ್‌ಗೆ ಅದು ಬಾಗಿಲಿನ ಬಣ್ಣ ನೋಡಿ ಮನೆಯೊಳಗಿನ ಸೆಖೆ ಹೇಳಿದ ಹಾಗೆ. ಒಂದೇ ಜಾಗದಲ್ಲೂ ವ್ಯತ್ಯಾಸ ಇರುತ್ತದೆ. ಇಂಡೋನೇಷ್ಯಾದ ಕೊಮೊಡೊ ದ್ವೀಪಗಳ ಉತ್ತರದಲ್ಲಿ ನೀರು ಬೆಚ್ಚಗಿರುವ ದಿನವೇ ದಕ್ಷಿಣದಲ್ಲಿ ಐದಾರು ಡಿಗ್ರಿ ಕಡಿಮೆ ಇರಬಹುದು. ದೋಣಿಯಲ್ಲಿ ಅರ್ಧ ದಿನದ ದಾರಿ, ಅಷ್ಟೇ.

ಅದಕ್ಕೇ ಈಗ ಡೈವ್ ಸೆಂಟರ್‌ಗೆ ಬರೆಯುವಾಗ ‘ನೀರು ಬೆಚ್ಚಗಿದೆಯಾ’ ಅಂತ ಕೇಳುವುದಿಲ್ಲ. ‘ಹೋದ ವರ್ಷ ಇದೇ ವಾರದಲ್ಲಿ 20 ಮೀಟರಿನಲ್ಲಿ ಅತಿ ಕಡಿಮೆ ಎಷ್ಟಿತ್ತು? ನಿಮ್ಮ ಗೈಡ್‌ಗಳು ಏನು ತೊಡುತ್ತಾರೆ?’ ಅಂತ ಕೇಳುತ್ತೇನೆ. ಎರಡನೆಯ ಪ್ರಶ್ನೆ ಚಿನ್ನದಂಥದ್ದು. ಗೈಡ್ ದಿನಾ ಮೂರು ಸಲ ಮುಳುಗುವವನು. ಪ್ರವಾಸಿ ಅರ್ಧ ತೋಳಿನ ಸೂಟ್‌ನಲ್ಲಿ ನಿಂತಿರುವಾಗ ಗೈಡ್ 5 ಮಿ.ಮೀ. ತೊಟ್ಟು, ತಲೆ ಮುಚ್ಚುವ ಹುಡ್ ಕೈಯಲ್ಲಿ ಹಿಡಿದಿದ್ದರೆ ಬೇರೆ ಉತ್ತರ ಬೇಕಿಲ್ಲ. ಇನ್ನೊಂದು ಸಣ್ಣ ವಿಷಯ. ಉತ್ತರ 78 ಅಂತ ಬಂದರೆ ಅದು ಫ್ಯಾರನ್‌ಹೀಟ್. 80 ಅಂದರೆ 26.7, 78 ಅಂದರೆ 25.6. ಕೇಳಲು ಎರಡೇ ಅಂಕಿ ಕಮ್ಮಿ, ಮೈಗೆ ಒಂದು ಡಿಗ್ರಿ. ನೀರಿನಲ್ಲಿ ಒಂದು ಡಿಗ್ರಿ ಸಣ್ಣದಲ್ಲ.

ಕಂಪ್ಯೂಟರಿನ ಅಂಕಿಯನ್ನೂ ಕಣ್ಣು ಮುಚ್ಚಿ ನಂಬುವುದು ಬಿಟ್ಟಿದ್ದೇನೆ. ಅದರ ಸೆನ್ಸರ್ ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂತಿರುತ್ತದೆ, ಹೊರಗಿನ ಬಿಸಿ ಅದಕ್ಕೆ ತಲುಪಲು ಕೆಲವು ನಿಮಿಷ ಬೇಕು. ಒಂದೆರಡು ಡಿಗ್ರಿ ಆಚೀಚೆ ಆಗುವುದು ಮಾಮೂಲು. ನನ್ನದೂ ನನ್ನ ಜೊತೆಗಾರ್ತಿಯದೂ ಒಂದೇ ನೀರಿನಲ್ಲಿ ಅಕ್ಕಪಕ್ಕ ಹಿಡಿದರೆ ಯಾವತ್ತೂ ಒಂದೇ ಅಂಕಿ ತೋರಿಸಿಲ್ಲ. ನನ್ನ ಕಂಪ್ಯೂಟರ್ ಯಾವಾಗಲೂ ಒಂದು ಡಿಗ್ರಿ ಉದಾರಿ. ಅದು ಗೊತ್ತಿದ್ದರೆ ಸಾಕು.

ಇಷ್ಟೆಲ್ಲ ಕಲಿತ ಮೇಲೂ ಮಾಲ್ಡೀವ್ಸ್‌ನಲ್ಲಿ ನಡುಗಿದೆ. ಇದು ನನಗೆ ಅವಮಾನವೇ ಆಯಿತು. ನೀರು 28-29, ಕೆಳಗೂ ಅಷ್ಟೇ, ಥರ್ಮೋಕ್ಲೈನ್ ಇಲ್ಲ. ದೋಣಿಯಲ್ಲೇ ಉಳಿದು ದಿನಕ್ಕೆ ಮೂರು ಡೈವ್, ಆರು ದಿನ. ಮೊದಲ ದಿನ ‘ನಡುಕ’ ಕಾಲಂನಲ್ಲಿ ಅಡ್ಡಗೆರೆ. ಎರಡನೇ ದಿನ ಅಡ್ಡಗೆರೆ. ಮೂರನೇ ದಿನದ ಮೂರನೇ ಡೈವ್‌ನಲ್ಲಿ 51ನೇ ನಿಮಿಷ. ನಾಲ್ಕನೇ ದಿನ 38. ಐದನೇ ದಿನ 30. ನೀರು ಅದೇ, ಸೂಟ್ ಅದೇ, ನಾನೂ ನಾನೇ. ಪುಟ ತಿರುಗಿಸಿ ನೋಡಿದಾಗಲೇ ಅರ್ಥವಾದದ್ದು. ಎರಡು ಡೈವ್‌ಗಳ ನಡುವೆ ಒಂದೂವರೆ ಗಂಟೆ ಬಿಸಿಲಲ್ಲಿ ಕೂತರೆ ಚರ್ಮ ಬೆಚ್ಚಗಾಗುತ್ತದೆ. ‘ಸರಿ ಹೋದೆ’ ಅನ್ನಿಸುತ್ತದೆ. ಆದರೆ ಒಳಗೆ ಮಾಂಸಖಂಡಗಳಿಂದ ಹೋದ ಶಾಖ ಅಷ್ಟು ಬೇಗ ವಾಪಸ್ ಬರುವುದಿಲ್ಲ. ಮುಂದಿನ ಡೈವ್ ಆ ಸಾಲದ ಮೇಲೆಯೇ ಶುರು. ಅದರ ಮೇಲೆ ದಣಿವು, ನಿದ್ದೆ ಕಮ್ಮಿ. ಅವತ್ತಿನಿಂದ ನಾನು ಸೂಟ್ ಆರಿಸುವುದು ಮೊದಲ ದಿನಕ್ಕಲ್ಲ, ಐದನೇ ದಿನಕ್ಕೆ.

ಸೂಟ್ ವಿಷಯಕ್ಕೆ ಬರೋಣ. ವೆಟ್‌ಸೂಟ್ ಬಟ್ಟೆಯ ಹೆಸರು ನಿಯೋಪ್ರೀನ್. ರಬ್ಬರಿನೊಳಗೆ ಸಾವಿರಾರು ಸಣ್ಣ ಅನಿಲದ ಗುಳ್ಳೆ. ಬೆಚ್ಚಗಿಡುವುದು ಆ ಗುಳ್ಳೆಗಳು. ಒಳಗೆ ಸೇರಿದ ತೆಳುವಾದ ನೀರಿನ ಪದರ ಮೈ ಶಾಖಕ್ಕೆ ಬೆಚ್ಚಗಾಗುತ್ತದೆ ನಿಜ. ಆದರೆ ಆ ನೀರು ಅಲ್ಲೇ ಇದ್ದರೆ ತಾನೆ? ಸಡಿಲ ಸೂಟ್‌ನಲ್ಲಿ ಪ್ರತಿ ಸಲ ಕಾಲು ಬಡಿದಾಗಲೂ ಬಿಸಿ ನೀರು ಹೊರಗೆ, ತಣ್ಣೀರು ಒಳಗೆ. ಬಾಡಿಗೆ ಸೂಟ್ ತೊಟ್ಟಾಗ ನಾನು ನೋಡುವ ಜಾಗ ಒಂದೇ, ಬೆನ್ನಿನ ಕೆಳಗಿನ ಕುಳಿ. ಅಲ್ಲಿ ಬೆರಳಿಟ್ಟು ಒತ್ತಿದರೆ ಬಟ್ಟೆ ಒಳಕ್ಕೆ ಹೋಗಿ ಪುಸುಕ್ ಅಂತ ಗಾಳಿ ಬಂದರೆ ಆ ಸೂಟ್ ಬೇಡ. ಆ ಕುಳಿ ತುಂಬ ತಣ್ಣೀರು ಇಟ್ಟುಕೊಂಡೇ ಇಡೀ ಡೈವ್ ಮುಗಿಸಬೇಕಾಗುತ್ತದೆ. ಆಮೇಲೆ ಕುತ್ತಿಗೆ, ಮಣಿಕಟ್ಟು. ಸಡಿಲವಾದ 5 ಮಿ.ಮೀ.ಗಿಂತ ಮೈಗೆ ಅಂಟಿದ 3 ಮಿ.ಮೀ. ಎಷ್ಟೋ ವಾಸಿ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಆಳಕ್ಕೆ ಹೋದಂತೆ ಸೂಟ್ ತೆಳುವಾಗುತ್ತದೆ ಅನ್ನುವುದನ್ನು ಬಹಳ ಜನ ಮರೆಯುತ್ತಾರೆ. ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಜಾಸ್ತಿ. 20 ಮೀಟರಿನಲ್ಲಿ ಒತ್ತಡ ಮೂರು ಪಟ್ಟು, ಗುಳ್ಳೆಗಳು ಹತ್ತಿರ ಹತ್ತಿರ ಮೂರನೇ ಒಂದು ಭಾಗಕ್ಕೆ ಕುಗ್ಗಿರುತ್ತವೆ. ನೀರು ಹೆಚ್ಚು ತಣ್ಣಗಿರುವ ಕಡೆಯೇ ಸೂಟ್ ಕಡಿಮೆ ಕೆಲಸ ಮಾಡುತ್ತದೆ. ಹಳೆಯ ಸೂಟ್‌ನಲ್ಲಿ ಗುಳ್ಳೆಗಳು ಒಡೆದೇ ಹೋಗಿರುತ್ತವೆ. ನೂರಾರು ಡೈವ್ ಕಂಡ ಬಾಡಿಗೆಯ 5 ಮಿ.ಮೀ. ಅನ್ನು ಬೆರಳುಗಳ ನಡುವೆ ಹಿಚುಕಿ ನೋಡಿ, ಗೊತ್ತಾಗುತ್ತದೆ.

ನನ್ನ ಲೆಕ್ಕ ಹೀಗಿದೆ. ನಾನು ಸಣಕಲು, ಚಳಿ ಬೇಗ ಹತ್ತುವ ಜಾತಿ. 29ರ ಮೇಲೆ ತೆಳು ಸೂಟ್ ಅಥವಾ ಲೈಕ್ರಾ. 27ರಿಂದ 29ಕ್ಕೆ 3 ಮಿ.ಮೀ. ಪೂರ್ತಿ ಸೂಟ್. ಹಲವು ದಿನದ ಟ್ರಿಪ್ ಆದರೆ ಕೆಳಗೆ ಒಂದು ಹುಡ್ ಇರುವ ಬನಿಯನ್. 24ರಿಂದ 26ಕ್ಕೆ 5 ಮಿ.ಮೀ., ಹುಡ್ ಕಡ್ಡಾಯ. ಅದಕ್ಕಿಂತ ಕೆಳಗೆ 7 ಮಿ.ಮೀ., ಇಲ್ಲದಿದ್ದರೆ ನಾನು ದೋಣಿಯಲ್ಲೇ ಕೂರುತ್ತೇನೆ. ನನ್ನ ಜೊತೆಗಾರ್ತಿ ಇದನ್ನೆಲ್ಲ ನೋಡಿ ತಲೆ ಚಚ್ಚಿಕೊಳ್ಳುತ್ತಾಳೆ. ಅವಳು 26ರಲ್ಲೂ ಅರ್ಧ ತೋಳಿನ ಸೂಟ್‌ನಲ್ಲಿ ಆರಾಮ. ಹಾಗಾಗಿ ನನ್ನ ಅಂಕಿಗಳನ್ನು ಎತ್ತಿಕೊಳ್ಳಬೇಡಿ, ನಿಮ್ಮ ಕಾಲಂ ನೀವೇ ಮಾಡಿಕೊಳ್ಳಿ. ಹುಡ್ ಬಗ್ಗೆ ಮಾತ್ರ ಯಾರಿಗಾದರೂ ಹೇಳುತ್ತೇನೆ. ಚಳಿಯಾದಾಗ ಕೈಕಾಲಿನ ರಕ್ತನಾಳಗಳು ಕಿರಿದಾಗಿ ಶಾಖ ಉಳಿಸುತ್ತವೆ, ನೆತ್ತಿಯವು ಅಷ್ಟಾಗಿ ಕಿರಿದಾಗುವುದಿಲ್ಲ. ಜೇಬಿನಲ್ಲಿ ಮಡಚಿಡಬಹುದಾದ ಒಂದು ತುಂಡು ಬಟ್ಟೆ ನನಗೆ ಹದಿನೈದು ನಿಮಿಷ ಹೆಚ್ಚು ಕೊಟ್ಟಿದೆ. ನೋಡಲು ಚೆನ್ನಾಗಿರುವುದಿಲ್ಲ. ಕೆಳಗೆ ಯಾರು ನೋಡುತ್ತಾರೆ?

ಸೂಟ್ ಬದಲಾದರೆ ಮುಳುಗಲು ಕಟ್ಟಿಕೊಳ್ಳುವ ಸೀಸದ ತೂಕವೂ ಬದಲಾಗಬೇಕು. ದಪ್ಪ ಸೂಟ್ ಜಾಸ್ತಿ ತೇಲುತ್ತದೆ. 3ರಿಂದ 5ಕ್ಕೆ ಹೋದಾಗ ನನಗೆ 2 ಕೆ.ಜಿ. ಹೆಚ್ಚು ಬೇಕಾಯಿತು. ಅಂದಾಜಿನಲ್ಲಿ ಹೋಗದೆ ಮೊದಲ ಡೈವ್‌ಗೆ ಮುಂಚೆ ದೋಣಿಯ ಪಕ್ಕದಲ್ಲೇ ಪರೀಕ್ಷೆ ಮಾಡುತ್ತೇನೆ. ತೇಲಲು ಗಾಳಿ ತುಂಬುವ ಜಾಕೆಟ್, ಅಂದರೆ ಬಿಸಿಡಿಯ ಗಾಳಿ ಪೂರ್ತಿ ಬಿಟ್ಟು, ಉಸಿರು ಹಿಡಿದು ಸುಮ್ನೆ ನಿಂತರೆ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು. ಸಿಲಿಂಡರ್ ತುಂಬಿದ್ದರೆ ಇನ್ನೆರಡು ಕೆ.ಜಿ. ಸೇರಿಸಬೇಕು, ಯಾಕೆಂದರೆ ಡೈವ್ ಮುಗಿಯುವ ಹೊತ್ತಿಗೆ ಅಷ್ಟು ತೂಕದ ಗಾಳಿಯನ್ನು ನಾವು ಉಸಿರಾಡಿ ಮುಗಿಸಿರುತ್ತೇವೆ. ಇದನ್ನು ಮಾಡದೆ ಇಳಿದವಳು ಮೇಲೆ ಬರುವ ಮುಂಚೆ 5 ಮೀಟರಿನಲ್ಲಿ ಕೆಲವು ನಿಮಿಷ ತಂಗುವ ಸೇಫ್ಟಿ ಸ್ಟಾಪ್‌ಗೆ ನಿಲ್ಲಲಾಗದೆ ಬಲೂನಿನ ಹಾಗೆ ಮೇಲೆ ಹೋದದ್ದನ್ನು ನೋಡಿದ್ದೇನೆ. ಕನ್ನಡಿಯಲ್ಲಲ್ಲ, ವಿಡಿಯೋದಲ್ಲಿ. ಅದು ನಾನೇ.

ಚಳಿ ಬರೀ ಹಿಂಸೆಯ ವಿಷಯವಲ್ಲ. ಆಳದಲ್ಲಿ ಬೆಚ್ಚಗಿದ್ದಾಗ ಮೈ ಉಸಿರಾಡುವ ಗಾಳಿಯ ಸಾರಜನಕವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಮೇಲೆ ಬರುವ ಹೊತ್ತಿಗೆ ಚಳಿ ಹತ್ತಿದ್ದರೆ ಕೈಕಾಲಿನ ರಕ್ತ ಓಡಾಟ ಕಮ್ಮಿಯಾಗಿ ಅದು ಹೊರಗೆ ಹೋಗುವುದು ನಿಧಾನ. ಒಳಗುಳಿದ ಸಾರಜನಕ ಮೈಯಲ್ಲಿ ಗುಳ್ಳೆಗಟ್ಟುವ ಡಿಕಂಪ್ರೆಷನ್ ತೊಂದರೆಗೆ ಇದು ದಾರಿ. ಬಹುತೇಕ ಕಂಪ್ಯೂಟರ್‌ಗಳು ಆಳ ಮತ್ತು ಸಮಯವನ್ನಷ್ಟೇ ಎಣಿಸುತ್ತವೆ, ನನ್ನ ಹಲ್ಲು ಕಟಕಟ ಅನ್ನುವುದು ಅದಕ್ಕೆ ಕೇಳಿಸುವುದಿಲ್ಲ. ಅದಕ್ಕೇ ನಡುಕ ಶುರುವಾದರೆ ಕಂಪ್ಯೂಟರ್ ಇನ್ನೂ 15 ನಿಮಿಷ ಇದೆ ಅಂದರೂ ನಾನು ಹೆಬ್ಬೆರಳು ಮೇಲೆ ತೋರಿಸಿಬಿಡುತ್ತೇನೆ, ಅಂದರೆ ‘ಮೇಲೆ ಹೋಗೋಣ’. ಬೆರಳು ಮರಗಟ್ಟಿ ಕೊಕ್ಕೆ ಬಿಚ್ಚಲಾಗದ ಹಂತಕ್ಕೆ ಕಾಯುವುದಿಲ್ಲ. ಮೇಲೆ ಬಂದ ಕೂಡಲೇ ಸುಡುವ ನೀರಿನ ಸ್ನಾನಕ್ಕೂ ಓಡುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟು.

ಮುಜುಗರದ ವಿಷಯವೊಂದು ಹೇಳಿಬಿಡುತ್ತೇನೆ. ನೀರಿಗಿಳಿದರೆ ಮೂತ್ರ ಬರುತ್ತದೆ. ಎಲ್ಲರಿಗೂ. ನೀರಿನ ಒತ್ತಡಕ್ಕೂ ಚಳಿಗೂ ಕೈಕಾಲಿನ ರಕ್ತ ಎದೆಯ ಕಡೆ ಸರಿಯುತ್ತದೆ, ಮೈಯಲ್ಲಿ ನೀರು ಜಾಸ್ತಿಯಾಯಿತು ಅಂದುಕೊಂಡ ದೇಹ ಅದನ್ನು ಹೊರಗೆ ಕಳಿಸುತ್ತದೆ. ಇದನ್ನು ತಪ್ಪಿಸಲು ಹೊಸಬರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಅದು ಕೆಟ್ಟ ಉಪಾಯ. ಮೈ ಒಣಗಿದರೆ ದಣಿವೂ ಜಾಸ್ತಿ, ಡಿಕಂಪ್ರೆಷನ್ ಅಪಾಯವೂ ಜಾಸ್ತಿ. ಕುಡಿಯಿರಿ. ಸೂಟ್ ತೊಳೆಯಬಹುದು.

ಎಷ್ಟೋ ಸಲ ನನಗೆ ಚಳಿ ಹತ್ತಿದ್ದು ನೀರಿನಲ್ಲಲ್ಲ, ದೋಣಿಯಲ್ಲಿ. ಒದ್ದೆ ಸೂಟ್, ಓಡುವ ದೋಣಿ, ಎದುರುಗಾಳಿ. ನೀರು ಆವಿಯಾಗುತ್ತಾ ಮೈ ಶಾಖವನ್ನು ಎತ್ತಿಕೊಂಡು ಹೋಗುತ್ತದೆ. ಈಗ ಮೇಲೆ ಬಂದ ಕೂಡಲೇ ಸೂಟ್ ಸೊಂಟದವರೆಗೆ ಇಳಿಸಿ, ಒರೆಸಿಕೊಂಡು, ಗಾಳಿ ನುಗ್ಗದ ಜಾಕೆಟ್ ಹಾಕಿ, ಉಣ್ಣೆ ಟೋಪಿ ಎಳೆದುಕೊಳ್ಳುತ್ತೇನೆ. ಹವಳದ ನಾಡಿಗೆ ಉಣ್ಣೆ ಟೋಪಿ ತಂದವಳು ಅಂತ ದೋಣಿಯವರಿಗೆಲ್ಲ ತಮಾಷೆ. ಮೂರನೇ ದಿನ ಅದನ್ನು ಸಾಲ ಕೇಳುವವರೂ ಅವರೇ.

ಸ್ನಾರ್ಕ್‌ಲಿಂಗ್‌ನ ಚಳಿ ಬೇರೆ ಥರ. ಇದನ್ನು ಕಲಿಸಿದ್ದು ನನ್ನ ತಮ್ಮನ ಮಗಳು, ಆಗ ಒಂಬತ್ತು ವರ್ಷ. ಸ್ನಾರ್ಕ್‌ಲಿಂಗ್‌ಗೆ ಸಿಲಿಂಡರ್ ಖಾಲಿಯಾಗುವ ಗಡುವು ಇಲ್ಲ, ಎಷ್ಟು ಹೊತ್ತು ಬೇಕಾದರೂ ತೇಲಬಹುದು. ತೇಲುವವರು ಕೈಕಾಲೂ ಹೆಚ್ಚು ಆಡಿಸುವುದಿಲ್ಲ. ಬೆನ್ನಿಗೆ ಬಿಸಿಲು ಬಿದ್ದಿರುತ್ತದೆ, ಬೆಚ್ಚಗಿದೆ ಅನ್ನಿಸುತ್ತದೆ. ಹೊಟ್ಟೆಯ ಕಡೆಯಿಂದ ಶಾಖ ಹೋಗುತ್ತಿರುತ್ತದೆ. ಮಕ್ಕಳಲ್ಲಂತೂ ತೂಕಕ್ಕೆ ಹೋಲಿಸಿದರೆ ಚರ್ಮವೇ ಜಾಸ್ತಿ, ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತಾರೆ. ಅವಳನ್ನು ಅರ್ಧ ಗಂಟೆಗೆ ಕರೆದೆ.

“ಸಾಕು ಬಾರೇ, ಚಳಿ ಹತ್ತುತ್ತೆ.”

“ಚ-ಚಳಿ ಇಲ್ಲ ಅತ್ತೆ! ಆಮೆ ಇದೆ ಅಲ್ಲಿ, ಇನ್ನೊಂದ್ ಐದ್ ನಿಮಿಷ!”

ತುಟಿ ನೇರಳೆ, ಬೆರಳ ತುದಿ ಬೆಳ್ಳಗೆ ಸುಕ್ಕು, ಮಾತು ತೊದಲು. ನೀರು 27. ಮಕ್ಕಳ ಬಾಯಿಯನ್ನು ಕೇಳಬಾರದು, ತುಟಿಯನ್ನು ನೋಡಬೇಕು. ಎತ್ತಿ ತಂದು ಟವೆಲ್ ಸುತ್ತಿದ ಮೇಲೂ ಇಪ್ಪತ್ತು ನಿಮಿಷ ನಡುಗಿದಳು. ಅವತ್ತು ಸಂಜೆ ಗೊತ್ತಾಯಿತು, ಮೊಣಕಾಲಿನ ಹಿಂಭಾಗವೂ ಕತ್ತೂ ಬಿಸಿಲಿಗೆ ಸುಟ್ಟು ಕೆಂಪಾಗಿವೆ. ಒಂದೇ ಗಂಟೆಯಲ್ಲಿ ಒಂದು ಕಡೆ ಸುಟ್ಟುಕೊಂಡು ಇನ್ನೊಂದು ಕಡೆ ನಡುಗುವುದು ಸ್ನಾರ್ಕ್‌ಲಿಂಗ್‌ನಲ್ಲಿ ಮಾತ್ರ ಸಾಧ್ಯ. ಈಗ ಅವಳಿಗೆ ಉದ್ದ ತೋಳು, ಉದ್ದ ಕಾಲಿನ ತೆಳು ಸೂಟ್. ಎರಡಕ್ಕೂ ಅದೇ ಮದ್ದು. ಸನ್‌ಸ್ಕ್ರೀನ್ ಮುಖಕ್ಕೆ ಮಾತ್ರ. ಹವಳಕ್ಕೆ ಹಾನಿ ಅಂತ ಆಕ್ಸಿಬೆಂಜೋನ್, ಆಕ್ಟಿನೊಕ್ಸೇಟ್ ಅನ್ನುವ ರಾಸಾಯನಿಕ ಇರುವ ಸನ್‌ಸ್ಕ್ರೀನ್ ಮಾರಾಟವನ್ನು ಹವಾಯಿ 2021ರಿಂದ ನಿಷೇಧಿಸಿದೆ. ಹೊರಡುವ ಮುಂಚೆ ಟ್ಯೂಬಿನ ಹಿಂದೆ ಓದಿಕೊಳ್ಳಿ.

ಹಾಗಾದರೆ ನೀರು ಅತಿ ಬಿಸಿ ಇರುವ ತಿಂಗಳು ನೋಡಿ ಹೋದರಾಯಿತಲ್ಲ? ನಾನೂ ಹಾಗೇ ಯೋಚಿಸಿದ್ದೆ. ಬಿಸಿ ಸಮುದ್ರಕ್ಕೆ ಬೇರೆ ಗಿರಾಕಿಗಳೂ ಇದ್ದಾರೆ. ಚಂಡಮಾರುತ ಹುಟ್ಟಲು ಮೇಲ್ಮೈ ನೀರು ಸುಮಾರು 26.5 ಡಿಗ್ರಿಗಿಂತ ಹೆಚ್ಚು ಬೆಚ್ಚಗಿರಬೇಕು. ಕೆರಿಬಿಯನ್‌ನಲ್ಲಿ ನೀರು ಅತ್ಯಂತ ಹಿತವಾಗಿರುವ ಸೆಪ್ಟೆಂಬರ್ ಹರಿಕೇನ್‌ಗಳ ತುತ್ತತುದಿಯೂ ಹೌದು. ಅಲ್ಲಿನ ಹರಿಕೇನ್ ಕಾಲ ಜೂನ್ 1ರಿಂದ ನವೆಂಬರ್ 30. ಗ್ರೇಟ್ ಬ್ಯಾರಿಯರ್ ರೀಫ್ ಕಡೆ ನವೆಂಬರ್‌ನಿಂದ ಮೇವರೆಗೆ ವಿಷದಿಂದ ಕುಟುಕುವ ಬಾಕ್ಸ್ ಜೆಲ್ಲಿಫಿಶ್ ಕಾಟ, ದಡದ ಹತ್ತಿರ ಮೈಮುಚ್ಚುವ ಸೂಟ್ ಇಲ್ಲದೆ ಇಳಿಯುವ ಹಾಗಿಲ್ಲ. ಬೆಚ್ಚಗಿದ್ದರೆ ನೀರು ತಿಳಿಯಾಗಿರುತ್ತದೆ, ನಿಜ. ಆದರೆ ಕೆಳಗಿನಿಂದ ಪೋಷಕಾಂಶ ಬರದೆ ಪ್ಲಾಂಕ್ಟನ್ ಅನ್ನುವ ತೇಲುವ ಸಣ್ಣ ಜೀವಿಗಳು ಕಮ್ಮಿ, ಅದನ್ನು ತಿನ್ನಲು ಬರುವ ದೊಡ್ಡ ಪ್ರಾಣಿಗಳೂ ಕಮ್ಮಿ. ಮಾಲ್ಡೀವ್ಸ್‌ನ ಹನಿಫಾರು ಕೊಲ್ಲಿಗೆ ಅಗಲ ರೆಕ್ಕೆಯ ದೊಡ್ಡ ಮೀನುಗಳಾದ ಮಾಂಟಾ ರೇಗಳು ಹಿಂಡುಗಟ್ಟಿ ಬರುವುದು ನೈಋತ್ಯ ಮಾನ್ಸೂನ್ ತಿಂಗಳುಗಳಲ್ಲಿ, ನೀರು ಮಸುಕಾಗಿರುವಾಗ. ಅಲ್ಲಿ ಸ್ಕೂಬಾಗೆ ಅನುಮತಿ ಇಲ್ಲ, ಸ್ನಾರ್ಕ್‌ಲಿಂಗ್ ಮಾತ್ರ. ತಿಳಿನೀರು ಬೇಕೋ ಮಾಂಟಾ ಬೇಕೋ ಅಂತ ಮೊದಲೇ ತೀರ್ಮಾನ ಮಾಡಿಕೊಂಡರೆ ತಿಂಗಳು ತಾನಾಗಿ ಸಿಗುತ್ತದೆ.

ಹವಳದ್ದೇ ಒಂದು ದೊಡ್ಡ ಚಿಂತೆ. ಆ ಜಾಗದ ಬೇಸಿಗೆಯ ಅತಿ ಬಿಸಿ ತಿಂಗಳ ಸರಾಸರಿಗಿಂತ ಒಂದೇ ಒಂದು ಡಿಗ್ರಿ ಮೇಲೆ ಹೋಗಿ ಕೆಲವು ವಾರ ಹಾಗೇ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಗೆ ತಳ್ಳಿ ಬಿಳುಚಿಕೊಳ್ಳುತ್ತದೆ. ಅಮೆರಿಕದ ಸಾಗರ ಮತ್ತು ಹವಾಮಾನ ಸಂಸ್ಥೆ ನೋವಾದ ಕೋರಲ್ ರೀಫ್ ವಾಚ್ ದಿನಾ ಇದರ ನಕ್ಷೆ ಹಾಕುತ್ತದೆ, ಯಾರು ಬೇಕಾದರೂ ನೋಡಬಹುದು. ಎಷ್ಟು ವಾರ ಎಷ್ಟು ಡಿಗ್ರಿ ಹೆಚ್ಚಿತ್ತು ಅನ್ನುವುದನ್ನು ಕೂಡಿಸಿ ಡಿಗ್ರಿ ಹೀಟಿಂಗ್ ವೀಕ್ ಅನ್ನುವ ಲೆಕ್ಕ. 4 ದಾಟಿದರೆ ಬಿಳುಚುವುದು ಜೋರಾಗುತ್ತದೆ, 8 ದಾಟಿದರೆ ಹವಳ ಸಾಯತೊಡಗುತ್ತದೆ. 2024ರ ಏಪ್ರಿಲ್‌ನಲ್ಲಿ ಪ್ರಪಂಚದ ನಾಲ್ಕನೇ ಜಾಗತಿಕ ಬಿಳುಚುವಿಕೆ ನಡೆಯುತ್ತಿದೆ ಅಂತ ಅವರೇ ಘೋಷಿಸಿದರು. ಬಿಳುಚಿದ ದಿಬ್ಬದ ಮೇಲೆ ನಾನು ಒಂದು ಸಲ ಡೈವ್ ಮಾಡಿದ್ದೇನೆ. ನೀರು 31, ಮೈಗೆ ಎಷ್ಟು ಹಿತ ಅಂದರೆ ಸೂಟೇ ಬೇಡ. ಕೆಳಗೆಲ್ಲ ಸುಣ್ಣ ಬಳಿದ ಹಾಗೆ ಬಿಳಿ. ಲಾಗ್‌ಬುಕ್‌ನಲ್ಲಿ ‘ನಡುಕ’ದ ಕಡೆ ಅಡ್ಡಗೆರೆ ಎಳೆಯುವಾಗ ಖುಷಿಯಾಗಲಿಲ್ಲ.

ಹಾಗಾಗಿ ಈಗ ನಾನು ಹುಡುಕುವುದು ಅತಿ ಬಿಸಿಯ ತಿಂಗಳಲ್ಲ, ಅದಕ್ಕಿಂತ ಒಂದೆರಡು ತಿಂಗಳು ಹಿಂದು ಮುಂದು. 26-27ರ ನೀರು, ಸರಿಯಾದ ಸೂಟ್. ಮಧ್ಯದಲ್ಲಿ ಒಂದು ದಿನ ಪೂರ್ತಿ ಒಣಗಿರಲು ಬಿಡುತ್ತೇನೆ, ಶಾಖದ ಸಾಲ ತೀರಲಿ ಅಂತ. ಡಿಕಂಪ್ರೆಷನ್ ಅಪಾಯ ಬೇಡ ಅಂತ ಕೊನೆಯ ಡೈವ್ ಮತ್ತು ವಿಮಾನದ ನಡುವೆ 24 ಗಂಟೆ ಇಡುತ್ತೇನೆ. ಹಲವು ದಿನ ಡೈವ್ ಮಾಡಿದವರು ಕನಿಷ್ಠ 18 ಗಂಟೆ ಬಿಡಬೇಕು ಅನ್ನುತ್ತಾರೆ, ನನಗೆ ಆ ಆರು ಗಂಟೆ ನೆಮ್ಮದಿಗೆ.

ಮುಂದಿನ ತಿಂಗಳು ಮತ್ತೆ ಹೊರಟಿದ್ದೇವೆ. ತಮ್ಮನ ಮಗಳಿಗೆ ಈಗ ಹನ್ನೊಂದು. ಅವಳೂ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದಾಳೆ, ಗೀಟು ಎಳೆದು ಎರಡು ಕಾಲಂ. ಒಂದು ‘ನಾನು ಹೇಳಿದ್ದು’, ಇನ್ನೊಂದು ‘ಅತ್ತೆ ಹೇಳಿದ್ದು’. ಮೊದಲನೆಯದರಲ್ಲಿ ಕಳೆದ ಟ್ರಿಪ್ ಪೂರ್ತಿ ‘ಚಳಿ ಇಲ್ಲ’. ಎರಡನೆಯದರಲ್ಲಿ 40, 35, 35, 28. ನಿನ್ನೆ ಅವಳ ಸೂಟ್ ತೊಡಿಸಿ ನೋಡಿದೆವು. ಬೆನ್ನಿನ ಕುಳಿಯಲ್ಲಿ ಬೆರಳಿಟ್ಟು ಒತ್ತಿದೆ, ಗಾಳಿ ಬರಲಿಲ್ಲ. ಆದರೆ ಸೂಟಿನ ಕಾಲು ಮೊಣಕಾಲಿನ ಹತ್ತಿರಕ್ಕೇ ಬಂದು ನಿಂತಿದೆ. ಹೊಸದು ಬೇಕು.